ಸ್ಲೈಡ್ ಕೊಟ್ಟು ಕೋರ್ಸ್ ಪಡೆದದ್ದು: ಒಂದು ಇ-ಲರ್ನಿಂಗ್ ಪರಿವರ್ತನಾ ಸೇವೆಯ ವಿಮರ್ಶೆ

ನಮ್ಮ ತರಬೇತಿ ವಿಭಾಗವು ಹಲವು ವರ್ಷಗಳಿಂದ ನಡೆಸುತ್ತಿದ್ದ ಯಂತ್ರ ಸುರಕ್ಷತೆಯ ತರಗತಿಯನ್ನು ಇ-ಲರ್ನಿಂಗ್ ಕೋರ್ಸ್ ಆಗಿ ಮಾರ್ಪಡಿಸುವ ಕೆಲಸವನ್ನು ಹೊರಗಿನ ಸಂಸ್ಥೆಯೊಂದಕ್ಕೆ ವಹಿಸಿದ್ದೆವು. ನಾವು ಒಪ್ಪಿಸಿದ್ದು ಪವರ್‌ಪಾಯಿಂಟ್ ಸ್ಲೈಡ್‌ಗಳು, ಒಂದು ಮುದ್ರಿತ ಕೈಪಿಡಿ ಮತ್ತು ಅಡೋಬಿ ಕಂಪನಿಯ ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದ್ದ ಹಳೆಯ ಕೆಲವು ಆನಿಮೇಷನ್‌ಗಳು.

ಸ್ಲೈಡ್‌ಗಳನ್ನು ಮುಟ್ಟುವ ಮೊದಲೇ ಅವರು ನಮ್ಮ ತರಗತಿಯೊಂದರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಕೇಳಲು ಅನುಮತಿ ಕೋರಿದರು. ಈ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ್ದು ಇದನ್ನೇ. ದುರಸ್ತಿಯ ವೇಳೆ ಯಂತ್ರವನ್ನು ಯಾರೂ ಚಾಲೂ ಮಾಡದಂತೆ ‘ವಿದ್ಯುತ್ ಕಡಿತಗೊಳಿಸಿ, ಬೀಗ ಹಾಕಿ, ಪರೀಕ್ಷಿಸಿ’ ಎನ್ನುವ ಮೂರು ಮಾತಿನ ಸ್ಲೈಡ್ ಒಂದರ ಮೇಲೆ ನಮ್ಮ ಹಿರಿಯ ತರಬೇತುದಾರರು ಇಪ್ಪತ್ತು ನಿಮಿಷ ಮಾತನಾಡುತ್ತಾರೆ. ಬೀಗದ ಕೀಲಿ ಯಾರ ಜೇಬಿನಲ್ಲಿರಬೇಕು, ಪಾಳಿ ಮುಗಿಸಿದವರು ತಮ್ಮ ಬೀಗ ತೆಗೆಯುವ ಮುನ್ನ ಹೊಸದಾಗಿ ಬಂದವರ ಬೀಗ ಏಕೆ ಬಿದ್ದಿರಬೇಕು ಎಂಬುದೆಲ್ಲ ಅವರ ಬಾಯಲ್ಲಿತ್ತೇ ಹೊರತು ಸ್ಲೈಡ್‌ನಲ್ಲಿರಲಿಲ್ಲ. ಸಿದ್ಧವಾದ ಕೋರ್ಸ್‌ನಲ್ಲಿ ಆ ಸ್ಲೈಡ್ ಒಂದು ಸನ್ನಿವೇಶವಾಗಿದೆ: ಯಂತ್ರದ ಮೇಲೆ ಒಂದೇ ಬೀಗ, ಬಾಗಿಲ ಬಳಿ ಚೀಲ ಹೆಗಲಿಗೇರಿಸಿ ಹೊರಟು ನಿಂತ ಕಾರ್ಮಿಕ, ಮುಂದೇನು ಮಾಡುವಿರಿ ಎಂಬ ಪ್ರಶ್ನೆ. ತಪ್ಪು ಆಯ್ಕೆ ಮಾಡಿದರೆ ಕೆಂಪು ಗುರುತು ಬರುವುದಿಲ್ಲ, ಅದರ ಪರಿಣಾಮವೇ ತೆರೆಯ ಮೇಲೆ ನಡೆಯುತ್ತದೆ.

ಫ್ಲ್ಯಾಶ್‌ಗೆ ಅಡೋಬಿ 2020ರ ಡಿಸೆಂಬರ್ 31ರಂದೇ ಬೆಂಬಲ ನಿಲ್ಲಿಸಿದ್ದರಿಂದ, ತಿದ್ದಲು ಬೇಕಾದ ಮೂಲ ಕಡತಗಳೂ ಕಳೆದುಹೋಗಿದ್ದ ನಮ್ಮ ಆನಿಮೇಷನ್‌ಗಳನ್ನು ಅವರು ಇಂದಿನ ಬ್ರೌಸರ್‌ಗಳಲ್ಲಿ ನೇರವಾಗಿ ನಡೆಯುವ ಎಚ್‌ಟಿಎಂಎಲ್5ರಲ್ಲಿ ಹೊಸದಾಗಿಯೇ ರಚಿಸಿದರು. ಅದರಲ್ಲಿ ಕೊರತೆಯೇನೂ ಕಾಣಲಿಲ್ಲ.

ಕೊರತೆ ಕಂಡದ್ದು ಎಲ್‌ಎಂಎಸ್‌ಗೆ, ಅಂದರೆ ಕೋರ್ಸ್‌ಗಳನ್ನು ನಡೆಸಿ ಕಲಿಕಾರ್ಥಿಗಳ ಪ್ರಗತಿ ದಾಖಲಿಸುವ ನಮ್ಮ ತಂತ್ರಾಂಶಕ್ಕೆ, ಏರಿಸಿದ ಮೇಲೆ. ಕೋರ್ಸ್‌ನ ಅರ್ಧ ದಾಟಿ ನಿಲ್ಲಿಸಿದವರು ಮರುದಿನ ತೆರೆದರೆ, ಬಿಟ್ಟ ಜಾಗದ ಬದಲು ಎಷ್ಟೋ ಪುಟ ಹಿಂದಕ್ಕೆ ಹೋಗಿ ಬೀಳುತ್ತಿದ್ದರು. ದೋಷ ನಮ್ಮ ಎಲ್‌ಎಂಎಸ್‌ನದೇ ಎಂದು ಸಂಸ್ಥೆಯವರು ಬಹಳ ದಿನ ವಾದಿಸಿದರು. ನಿಜವಾದ ಕಾರಣ ಬೇರೆಯಿತ್ತು. ಕೋರ್ಸ್ ಮತ್ತು ಎಲ್‌ಎಂಎಸ್ ಪರಸ್ಪರ ಮಾಹಿತಿ ಹಂಚಿಕೊಳ್ಳುವ ಮಾನದಂಡವಾದ ಸ್ಕಾರ್ಮ್‌ನ, ನಮ್ಮಲ್ಲಿ ನಡೆಯುವ 1.2 ಆವೃತ್ತಿಯಲ್ಲಿ ಕಲಿಕಾರ್ಥಿಯ ಸ್ಥಿತಿಯನ್ನು ಉಳಿಸಿಡಲು ಸಿಗುವುದು 4096 ಅಕ್ಷರಗಳಷ್ಟು ಜಾಗ ಮಾತ್ರ. ಎಲ್ಲವನ್ನೂ ಒಂದೇ ಉದ್ದನೆಯ ಕೋರ್ಸ್‌ಗೆ ತುಂಬಿದ್ದರಿಂದ ಆ ಮಿತಿ ಮೀರಿ, ನಂತರದ ಪ್ರಗತಿ ದಾಖಲಾಗುತ್ತಲೇ ಇರಲಿಲ್ಲ. ಕೊನೆಗೆ ಅದನ್ನು ನಾಲ್ಕು ಭಾಗಗಳಾಗಿ ಒಡೆದಾಗ ಸರಿಹೋಯಿತು. ನಮ್ಮಲ್ಲಿ ಯಾವ ಆವೃತ್ತಿ ನಡೆಯುತ್ತದೆ ಎಂದು ಮೊದಲ ದಿನವೇ ಕೇಳಿ ತಿಳಿದಿದ್ದವರು ಈ ಲೆಕ್ಕವನ್ನೂ ಅಂದೇ ಹಾಕಬೇಕಿತ್ತು.

ಪ್ರಶ್ನಾವಳಿಯಂತೂ ಮೊದಲ ಕರಡಿನಲ್ಲಿ ತೀರಾ ಸೊರಗಿತ್ತು. ಕೈಪಿಡಿಯ ವಾಕ್ಯಗಳನ್ನೇ ಎತ್ತಿ ಪ್ರಶ್ನೆಯಾಗಿಸಿದ್ದರು, ಅತಿ ಉದ್ದದ ಆಯ್ಕೆಯೇ ಬಹುಪಾಲು ಸರಿಯುತ್ತರವಾಗಿತ್ತು. ಪಾಠವನ್ನೇ ತೆರೆಯದ ಸಹೋದ್ಯೋಗಿಯೊಬ್ಬರು ಈ ಗುಟ್ಟು ಹಿಡಿದು ಉತ್ತೀರ್ಣರಾಗಿ ತೋರಿಸಿದರು. ತೆರೆಯ ಮೇಲಿನ ಪಠ್ಯವನ್ನೇ ಧ್ವನಿಯೂ ಅಕ್ಷರಶಃ ಓದುವುದು ಇನ್ನೊಂದು ಕಿರಿಕಿರಿ. ಎರಡನ್ನೂ ತಕರಾರಿಲ್ಲದೆ ತಿದ್ದಿಕೊಟ್ಟರು.

ಇದೇ ಸೇವೆಯನ್ನು ಪಡೆಯಲಿರುವವರು ಒಪ್ಪಂದದಲ್ಲಿ ಮೂಲ ಕಡತಗಳ ಮಾತನ್ನು ತಪ್ಪದೆ ಬರೆಸಿಕೊಳ್ಳಬೇಕು. ನಮಗೆ ಮೊದಲು ಸಿಕ್ಕಿದ್ದು ಪ್ರಕಟಿತ ಜಿಪ್ ಕಡತ ಮಾತ್ರ. ತುರ್ತು ಸಂಪರ್ಕದ ದೂರವಾಣಿ ಸಂಖ್ಯೆಯೊಂದು ಬದಲಾದಾಗ ಅದನ್ನು ತಿದ್ದಲೂ ಅವರ ಬಳಿಗೇ ಹೋಗಬೇಕಾಯಿತು, ಮತ್ತು ಎರಡು ಬಾರಿ ಪತ್ರ ಬರೆದ ಬಳಿಕವಷ್ಟೇ ಮೂಲ ಕಡತಗಳು ನಮ್ಮ ಕೈಸೇರಿದವು.