ದಾರುಖಾನಾದ 'ತೇಲುವ ಸೂಟು': ಐಸ್ ಮೇಲೆ ಮೀನು ಹಿಡಿಯಲು ಹೋಗುವವರು ದಯವಿಟ್ಟು ಓದಿ

ಚಳಿಗಾಲದಲ್ಲಿ ಮುಂಬೈಯಿಂದ ಅಮೆರಿಕಕ್ಕೋ ಕೆನಡಾಕ್ಕೋ ಫಿನ್‌ಲ್ಯಾಂಡಿಗೋ ಮಕ್ಕಳ ಮನೆಗೆ, ಅಕ್ಕ-ತಂಗಿಯರ ಮನೆಗೆ ಹೋಗುವವರು ನಮ್ಮಲ್ಲಿ ಜಾಸ್ತಿ. ಹೋದಲ್ಲಿ ಯಾರಾದರೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯೋಣ ಬನ್ನಿ ಅಂತ ಕರೆದೇ ಕರೆಯುತ್ತಾರೆ. ಹೋಗಿ, ಚೆನ್ನಾಗಿರುತ್ತದೆ. ಆದರೆ ಅದಕ್ಕೆ ಹಾಕಿಕೊಳ್ಳುವ, ಚಳಿ ತಡೆದು ನೀರಿಗೆ ಬಿದ್ದರೆ ತೇಲಿಸುವ ಸೂಟನ್ನು ಇಲ್ಲಿ ಹಳೇ ಹಡಗಿನ ಸಾಮಾನಿನ ಅಂಗಡಿಯಲ್ಲಿ ಕೊಳ್ಳಬೇಡಿ. ನಾನು 5,500 ರೂಪಾಯಿ ಕೊಟ್ಟು ತಂದ ಸೂಟು ಹಾಕಿಕೊಂಡು ಈ ಜನವರಿಯಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ಒಂದು ಕೆರೆಯಲ್ಲಿ ಐಸ್ ಒಡೆದು ನೀರಿಗೆ ಬಿದ್ದೆ. ತೇಲಿಸಬೇಕಾದ ಸೂಟು ನನ್ನನ್ನು ಕೆಳಗೆ ಎಳೆಯಿತು.

ನಮ್ಮೂರು ಹೊನ್ನಾವರ. ಶರಾವತಿ ಅಳಿವೆಯಲ್ಲಿ ಗಾಳ ಹಾಕುತ್ತಾ ಬೆಳೆದವನು ನಾನು. ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇದ್ದೇನೆ. ಅಕ್ಕ, ಭಾವ ಮಿನೆಸೋಟಾದ ಮಿನಿಯಾಪೊಲಿಸ್ ಹತ್ತಿರ ಇದ್ದಾರೆ. ಭಾವ ಪ್ರತಿ ವರ್ಷ ಐಸಿನಲ್ಲಿ ತೂತು ಕೊರೆದು ವಾಲೈ ಮೀನು ಹಿಡಿದ ಫೋಟೋ ಕಳಿಸುತ್ತಿದ್ದರು. ಈ ಸಲ ಹೊರಟೇಬಿಟ್ಟೆ. "ಸೂಟು ಇಲ್ಲಿ ಬಾಡಿಗೆಗೆ ಸಿಗ್ತದೆ, ನೀ ಸುಮ್ನೆ ಬಾ" ಅಂದಿದ್ದರು. ಅವರಿಗೆ ಯಾಕೆ ಖರ್ಚು ಅಂತ ನಾನೇ ಹುಡುಕಲು ಹೊರಟೆ.

ಆಫೀಸಿನ ಒಬ್ಬರು ಮುಂಬೈಯ ದಾರುಖಾನಾದ ಹೆಸರು ಹೇಳಿದರು. ಕುರ್ಲಾದಲ್ಲಿ ಲೋಕಲ್ ರೈಲಿನ ಹಾರ್ಬರ್ ಲೈನಿಗೆ ಬದಲಾಯಿಸಿ ರೇ ರೋಡಿನಲ್ಲಿ ಇಳಿದರೆ ಹತ್ತಿರ. ಹಡಗು ಒಡೆಯುವ ಜಾಗ. ಹಗ್ಗ, ಸರಪಳಿ, ಲೈಫ್ ಜಾಕೆಟ್ಟು, ಹಡಗಿನ ಗಡಿಯಾರ, ಎಲ್ಲ ರಾಶಿ ಬಿದ್ದಿರುತ್ತದೆ. ಒಂದು ಅಂಗಡಿಯಲ್ಲಿ ಕಿತ್ತಳೆ ಮತ್ತು ಕಡುನೀಲಿ ಬಣ್ಣದ, ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ಆಗಿರುವ ಸೂಟುಗಳು ನೇತಾಡುತ್ತಿದ್ದವು. ತೋಳಿಗೆ ಬೆಳ್ಳಿ ಬಣ್ಣದ ಹೊಳೆಯುವ ಪಟ್ಟಿ. ಎದೆಯ ಮೇಲೆ 'ಫ್ಲೋಟೇಶನ್', ಅಂದರೆ ತೇಲಿಸುವುದು, ಅಂತ ಇಂಗ್ಲಿಷಿನಲ್ಲಿ ಹೊಲಿದಿತ್ತು. ನಾನು ಫೋನಿನಲ್ಲಿ ಹೆಂಡತಿಯ ಜೊತೆ ಮಾತಾಡಿದ್ದು ಕೇಳಿ ಅಂಗಡಿಯವರು "ಯಾವೂರ್ರಿ ನಿಮ್ದು?" ಅಂದರು. ವಿಜಯಪುರದ ಕಡೆಯವರಂತೆ. ಮುಂಬೈಯಲ್ಲಿ ಅಚಾನಕ್ಕಾಗಿ ಕನ್ನಡ ಕಿವಿಗೆ ಬಿದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಅರ್ಧ ನಂಬಿಕೆ ಅಲ್ಲೇ ಬಂತು. "ನಮ್ಮವ್ರಿಗೆ ಸುಳ್ಳ ಹೇಳ್ತೇನೇನ್ರಿ? ಹಡಗಿನವ್ರ ಸೂಟ್ ಐತಿ. ಚಳಿ ಹತ್ತಂಗಿಲ್ಲ, ಮುಳುಗಂಗಿಲ್ಲ."

ಬಾಟಲಿಯಿಂದ ನೀರು ತೆಗೆದು ತೋಳಿನ ಮೇಲೆ ಸುರಿದರು. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಮುತ್ತುಮುತ್ತಾಗಿ ಉರುಳಿ ಹೋಯಿತು. ಬಟ್ಟೆಗೆ ಬೂಟ್ ಪಾಲಿಶಿನಂಥ ಒಂದು ವಾಸನೆ ಇತ್ತು. ಹೊಸದಾಗಿ ಏನೋ ಸ್ಪ್ರೇ ಹೊಡೆದಿದ್ದಾರೆ ಅಂತ ಆಗ ಹೊಳೆಯಲಿಲ್ಲ. ನೀರು ಉರುಳುವುದು ಮೇಲಿನ ಲೇಪದಿಂದ. ಒಳಗೆ ನೀರು ಬರುವುದು ಹೊಲಿಗೆಯಿಂದ, ಜಿಪ್ಪಿನಿಂದ. ಹೊಲಿಗೆಯ ಒಳಮೈಗೆ ಟೇಪ್ ಅಂಟಿಸಿರಬೇಕು, ಆ ಟೇಪ್ ಎಲ್ಲೂ ಎದ್ದಿರಬಾರದು. ಸೂಟನ್ನು ಒಳಮಗ್ಗುಲು ತಿರುಗಿಸದೆ ಇದು ಕಾಣುವುದೇ ಇಲ್ಲ. ನಾನು ತಿರುಗಿಸಲಿಲ್ಲ.

ಇನ್ನೊಂದು ತಪ್ಪು ಮುಂಬೈ ಹವೆಯದು. ಡಿಸೆಂಬರಿನ ಮಧ್ಯಾಹ್ನ, ಹೊರಗೆ 30 ಡಿಗ್ರಿ ಸೆಕೆ. ತಗಡಿನ ಮಾಡಿನ ಕೆಳಗೆ ಟೀ ಶರ್ಟಿನ ಮೇಲೆ ಆ ಸೂಟು ಹಾಕಿದೆ. ಎರಡೇ ನಿಮಿಷಕ್ಕೆ ಬೆನ್ನಲ್ಲಿ ಬೆವರು ಇಳಿಯಿತು. ಅಬ್ಬಾ, ಎಷ್ಟು ಬೆಚ್ಚಗಿದೆ ಅನ್ನಿಸಿತು. ಮುಂಬೈಯಲ್ಲಿ ಪ್ಲಾಸ್ಟಿಕ್ ರೈನ್‌ಕೋಟ್ ಹಾಕಿದರೂ ಹಾಗೇ ಅನ್ನಿಸುತ್ತದೆ ಅಲ್ವಾ? ಇಲ್ಲಿ ಹಾಕಿ ನೋಡಿದರೆ ಸೂಟಿನ ಬಿಸಿ ಏನೂ ಗೊತ್ತಾಗಲ್ಲ. ಇಲ್ಲಿ ಗೊತ್ತಾಗುವುದು ಅಳತೆ ಮಾತ್ರ, ಅದನ್ನೂ ನಾನು ಸರಿಯಾಗಿ ನೋಡಲಿಲ್ಲ. ಒಳಗೆ ಉಣ್ಣೆಯ ಒಳಂಗಿ, ಅದರ ಮೇಲೆ ದಪ್ಪ ಫ್ಲೀಸ್, ಇಷ್ಟು ಹಾಕಿಕೊಂಡು ಮೇಲೆ ಸೂಟು ಹಾಕಿ, ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಮೇಲೆತ್ತಿ ನೋಡಬೇಕು. ಭುಜ, ಮಂಡಿ ಎಲ್ಲೂ ಬಿಗಿಯಬಾರದು. ಮೈಯನ್ನು ಬೆಚ್ಚಗಿಡುವುದು ಬಟ್ಟೆಯ ಪದರಗಳ ನಡುವೆ ನಿಂತ ಗಾಳಿ. ಬಿಗಿಯಾದರೆ ಆ ಗಾಳಿಗೆ ಜಾಗವೇ ಇರಲ್ಲ.

ಒಳಗಿನ ಲೇಬಲ್ ಉಜ್ಜಿ ಹೋಗಿತ್ತು. ಕಂಪನಿ ಇಲ್ಲ, ವರ್ಷ ಇಲ್ಲ, ನಂಬರ್ ಇಲ್ಲ. ಲೋಕಲ್ಲಿನಲ್ಲಿ ಮನೆಗೆ ಬರುವಾಗ ಮಡಿಲಲ್ಲಿ ಇಟ್ಟುಕೊಂಡು ನೋಡಿದೆ. ಎದೆಯ ಭಾಗದ ಹೊಲಿಗೆ ಬಿಳಿ ದಾರದ್ದು, ಉಳಿದದ್ದೆಲ್ಲ ಕಪ್ಪು ದಾರ. ಎಲ್ಲೋ ಹರಿದಿದ್ದನ್ನು ಹೊಲಿದಿರಬೇಕು ಅಂದುಕೊಂಡು ಸುಮ್ಮನಾದೆ.

ಮಿನೆಸೋಟಾದಲ್ಲಿ ಗಾಡಿಗಳ ನಂಬರ್ ಪ್ಲೇಟಿನ ಮೇಲೇ ಹತ್ತು ಸಾವಿರ ಕೆರೆಗಳು ಅಂತ ಬರೆದಿರುತ್ತದೆ. ಮೊದಲ ದಿನ ಮಿಲ್ ಲ್ಯಾಕ್ಸ್ ಅನ್ನುವ ದೊಡ್ಡ ಕೆರೆಗೆ ಹೋದೆವು. 500 ಚದರ ಕಿಲೋಮೀಟರಿಗಿಂತ ದೊಡ್ಡದು, ಆಚೆ ದಡ ಕಾಣಲ್ಲ. ಅದರ ಮೇಲೆ ಸಾಲುಸಾಲು ಗುಡಿಸಲು, ಪಕ್ಕದಲ್ಲಿ ಕಾರು. ಭಾವ ಆಗರ್ ಅನ್ನುವ ಕೊರೆಯುವ ಯಂತ್ರದಿಂದ ತೂತು ಕೊರೆದು, ಬೋಂಡಾ ಎತ್ತುವ ಜಾಲರಿ ಸೌಟಿನಂಥದರಿಂದ ಐಸಿನ ಚೂರು ತೆಗೆದರು. ಒಳಗೆ ಕಪ್ಪು ನೀರು. ಸಮುದ್ರದ ದಡದಲ್ಲಿ ಬೆಳೆದ ನನಗೆ ಅದನ್ನು ನೋಡುತ್ತಾ ಕೂತರೇ ಸಾಕಿತ್ತು. ಆದರೆ ಒಂದು ಗಂಟೆಯೊಳಗೆ ಸೂಟಿನ ಬಣ್ಣ ಬಯಲಾಯಿತು. ಐಸಿನ ಮೇಲೆ ಮಂಡಿಯೂರಿದಲ್ಲಿ ಒದ್ದೆ ಒಳಗೆ ಬಂತು. ಜಿಪ್ಪು ಹೆಪ್ಪುಗಟ್ಟಿ ನಿಂತೇ ಹೋಯಿತು. ಸಾಮಾನಿನ ಸ್ಲೆಡ್, ಅಂದರೆ ಹಿಮದ ಮೇಲೆ ಜಾರುವ ಬಂಡಿ, ಎಳೆದಾಗ ಬಂದ ಬೆವರು ಹೊರಗೆ ಹೋಗಲು ದಾರಿ ಇಲ್ಲದೆ ಹತ್ತಿಯ ಬನಿಯನ್ನಿನಲ್ಲೇ ಕೂತು ತಣ್ಣಗಾಯಿತು. ಹತ್ತಿ ಒದ್ದೆಯಾದರೆ ಮೈಯ ಬಿಸಿಯನ್ನು ಎಳೆದುಬಿಡುತ್ತದೆ. ಒಳಗೆ ಮೆರಿನೋ ಉಣ್ಣೆಯೋ ಪಾಲಿಯೆಸ್ಟರೋ ಇರಬೇಕು. ಬನಿಯನ್ನನ್ನು ದಯವಿಟ್ಟು ಮನೆಯಲ್ಲೇ ಬಿಡಿ.

ಅಷ್ಟಾದ ಮೇಲೂ ಮೂರನೇ ದಿನ ಅದನ್ನೇ ಹಾಕಿಕೊಂಡೆ. ಚಳಿ ಸ್ವಲ್ಪ ತಟ್ಟಿದರೇನು, ತೇಲಿಸುತ್ತದಲ್ಲ ಅನ್ನುವ ಧೈರ್ಯ. ಭಾವನೂ ಎದೆಯ ಮೇಲಿನ ಅಕ್ಷರ ನೋಡಿ ಒಪ್ಪಿದ್ದರು. ಈ ಇಡೀ ಬರಹ ಬರೆಯುತ್ತಿರುವುದೇ ಈ ಒಂದು ಮಾತಿಗಾಗಿ. ಬೆಚ್ಚಗಿಡುವುದು ಬೇರೆ, ತೇಲಿಸುವುದು ಬೇರೆ. ಒಂದೇ ಸೂಟು ಎರಡನ್ನೂ ಮಾಡಬಹುದು, ಆದರೆ ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.

ಅವತ್ತು ಹೋಗಿದ್ದು ಮನೆಯ ಹತ್ತಿರದ ಸಣ್ಣ ಕೆರೆಗೆ. ನಾವು ಕೂತಲ್ಲಿ ಐಸ್ 11 ಇಂಚು ಇತ್ತು. ಅಲ್ಲಿನ ಸರ್ಕಾರದ ಇಲಾಖೆ ಹೇಳುವ ಪ್ರಕಾರ ನಡೆದು ಹೋಗಲು ಹೊಸ, ಪಾರದರ್ಶಕ ಐಸ್ ಕನಿಷ್ಠ 4 ಇಂಚು ಇರಬೇಕು. ಹಿಮ ಬೆರೆತ ಬಿಳಿ ಐಸಾದರೆ ಅದರ ಎರಡರಷ್ಟು. ಆದರೆ ಒಂದೇ ಕೆರೆಯಲ್ಲಿ ಎಲ್ಲ ಕಡೆ ಒಂದೇ ದಪ್ಪ ಇರಲ್ಲ. ಹಳ್ಳ ಬಂದು ಸೇರುವಲ್ಲಿ ನೀರು ಹರಿಯುತ್ತಿರುತ್ತದೆ, ಅಲ್ಲಿ ಐಸ್ ತೆಳು. ಮೇಲೆ ಹಿಮ ಮುಚ್ಚಿದ್ದರಿಂದ ನನಗೆ ಹಳ್ಳ ಕಾಣಲಿಲ್ಲ. ಕಾಲು ಆಡಿಸೋಣ ಅಂತ ಆ ಕಡೆ ನಡೆದೆ. ದೊಡ್ಡ ಸದ್ದೇನೂ ಆಗಲಿಲ್ಲ. ನೆನೆದ ಹಲಗೆ ಮುರಿದ ಹಾಗೆ ಮೆತ್ತಗೆ ಒಂದು ಸದ್ದು, ಅಷ್ಟೇ.

ಕಾಲಿಗೆ ನೆಲ ಸಿಗಲಿಲ್ಲ. ಮೊದಲು ಆಗಿದ್ದು ಚಳಿ ಅಲ್ಲ, ಉಸಿರು. ಬಾಯಿ ತಾನಾಗಿ ತೆರೆದು ಉಸಿರು ಒಳಗೆ ಎಳೆದುಕೊಂಡಿತು, ಬಿಡಲು ಆಗಲಿಲ್ಲ. ಆ ಹೊತ್ತಿಗೆ ಬಾಯಿ ನೀರಿನೊಳಗೆ ಇದ್ದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಈಜು ಬರುತ್ತದೆ ನನಗೆ, ಅಳಿವೆಯ ಸೆಳವಿನಲ್ಲಿ ಈಜಿದವನು. ಅಲ್ಲಿ ಈಜು ಕೆಲಸಕ್ಕೆ ಬರಲಿಲ್ಲ. ಕಾಲಿನ ಕಡೆಯಿಂದ ಸೂಟಿನೊಳಗೆ ನೀರು ನುಗ್ಗುವುದು ಗೊತ್ತಾಗುತ್ತಿತ್ತು. ಎದೆ ಮೇಲೆ ಬರುವ ಬದಲು ಭಾರವಾಗುತ್ತಾ ಹೋಯಿತು. ಐಸಿನ ಅಂಚು ಹಿಡಿದರೆ ಅದೂ ಮುರಿಯಿತು.

ಭಾವ ಓಡಿ ಬರಲಿಲ್ಲ. ಹೊಟ್ಟೆಯ ಮೇಲೆ ಮಲಗಿ ತೆವಳುತ್ತಾ ಬಂದು ಹಗ್ಗ ಎಸೆದರು. "ಮಾರಾಯಾ, ಉಸಿರು ಬಿಡು! ಕಾಲು ಬಡಿ! ಮೊಸಳೆ ಹಾಗೆ ಅಡ್ಡ ಮಲಗು!" ಬಂದ ದಿಕ್ಕಿಗೇ ತಿರುಗಿ, ಕಾಲು ಬಡಿದು, ಹಗ್ಗ ತೋಳಿಗೆ ಸುತ್ತಿಕೊಂಡು ಹೇಗೋ ಮೇಲೆ ಬಂದೆ. ಎದ್ದು ನಿಲ್ಲಬೇಡ, ಉರುಳು ಅಂದರು. ಉರುಳಿದೆ. ಕಾರಿನ ಬಾಗಿಲು ತೆರೆಯಲು ನನ್ನ ಬೆರಳು ಮಡಚಲಿಲ್ಲ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಗಾರ್ಡನ್ ಗೀಸ್‌ಬ್ರೆಕ್ಟ್ ಅನ್ನುವವರು ಇದ್ದಾರೆ. ಪರೀಕ್ಷೆಗಾಗಿ ತಾವೇ ಎಷ್ಟೋ ಸಲ ಕೊರೆಯುವ ನೀರಿಗೆ ಇಳಿದವರು. ಅವರ 1-10-1 ಅನ್ನುವ ಲೆಕ್ಕವನ್ನು ಭಾವ ಆ ರಾತ್ರಿ ಹೇಳಿದರು. ಉಸಿರು ಹಿಡಿತಕ್ಕೆ ಬರಲು 1 ನಿಮಿಷ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ. ಚಳಿಗೆ ಪ್ರಜ್ಞೆ ತಪ್ಪುವುದು ಸುಮಾರು 1 ಗಂಟೆಗೆ. ಅಂದರೆ ಜನ ಮುಳುಗುವುದು ಹೆಚ್ಚಾಗಿ ಮೈ ಹೆಪ್ಪುಗಟ್ಟಿ ಅಲ್ಲ, ಅದಕ್ಕಿಂತ ಎಷ್ಟೋ ಮೊದಲೇ ಕೈಕಾಲು ಸೋತು. ಉಸಿರು ಹಿಡಿತಕ್ಕೆ ಬರುವವರೆಗೂ, ಕೈಕಾಲು ಸೋತ ಮೇಲೂ ಮೂಗು, ಬಾಯಿ ನೀರಿನ ಮೇಲೆ ಇರಲು ನೆರವಾಗುವುದೇ ಸೂಟಿನ ಕೆಲಸ.

ಮರುದಿನ ಬಚ್ಚಲಿನ ತೊಟ್ಟಿಯಲ್ಲಿ ಸೂಟನ್ನು ನೆನೆಹಾಕಿದೆವು. ಒಣಗಿದ್ದಾಗ ಮೂರು ಕಿಲೋ ಚಿಲ್ಲರೆ ಇದ್ದದ್ದು ತೆಗೆದು ತೂಗಿದರೆ ಹನ್ನೊಂದು ಕಿಲೋ. ಭಾವ ಕತ್ತರಿ ತಂದು ಎದೆಯ ಆ ಬಿಳಿ ದಾರ ಬಿಚ್ಚಿದರು. ಒಳಗಿದ್ದದ್ದು ಹಳದಿ ಸ್ಪಂಜು, ಸೋಫಾಕ್ಕೆ ತುಂಬುವಂಥದ್ದು. ಹಿಂಡಿದರೆ ಬೊಗಸೆಗಟ್ಟಲೆ ನೀರು. ಬೆನ್ನಿನಲ್ಲಿ ಮಾತ್ರ ಹಳೆಯ ಅಸಲಿ ಫೋಮ್ ಇತ್ತು, ಅದೂ ಚಪಾತಿಯಷ್ಟು ತೆಳುವಾಗಿ, ಅಂಚಿನಲ್ಲಿ ರಸ್ಕಿನ ಹಾಗೆ ಪುಡಿಯಾಗುತ್ತಿತ್ತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಮಾತೂ ಆಡದೆ ಒಳಗೆ ಹೋದಳು.

ತೇಲಿಸುವ ಫೋಮಿನಲ್ಲಿ ಗಾಳಿಯ ಗುಳ್ಳೆಗಳು ಒಂದೊಂದೂ ಬೇರೆ ಬೇರೆಯಾಗಿ ಮುಚ್ಚಿರುತ್ತವೆ. ಒಂದು ಗುಳ್ಳೆಯಿಂದ ಇನ್ನೊಂದಕ್ಕೆ ನೀರು ಹೋಗಲ್ಲ. ಸ್ಪಂಜಿನಲ್ಲಿ ಎಲ್ಲವೂ ಒಂದಕ್ಕೊಂದು ತೆರೆದಿರುತ್ತವೆ. ಕೈಯಲ್ಲಿ ಒತ್ತಿದರೆ ಎರಡೂ ಮೆತ್ತಗೇ. ನೀರಿಗೆ ಹಾಕದೆ ವ್ಯತ್ಯಾಸ ತಿಳಿಯಲ್ಲ. ಅಸಲಿ ಫೋಮ್ ಆದರೂ ವರ್ಷಗಟ್ಟಲೆ ಭಾರದ ಕೆಳಗೆ ಮಡಚಿಟ್ಟರೆ ಚಪ್ಪಟೆಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಅದಕ್ಕೇ ಹಳೆಯದು ಬೇಡ.

ಹಾಗಾದರೆ ಲೇಬಲ್ಲಿನಲ್ಲಿ ಏನು ನೋಡಬೇಕು? ಯುರೋಪಿನದಾದರೆ ಐಎಸ್ಒ 12402-5 ಅಂತಲೂ 50 ನ್ಯೂಟನ್ ಅಂತಲೂ ಇದ್ದರೆ ತೇಲುವ ಸಹಾಯಕ ಉಡುಪು ಅಂತ ಅರ್ಥ. 50 ನ್ಯೂಟನ್ ಅಂದರೆ ಸುಮಾರು 5 ಕಿಲೋ ಎತ್ತುವ ಶಕ್ತಿ. ಕಡಿಮೆ ಅನ್ನಿಸಬಹುದು, ಆದರೆ ನೀರಿನಲ್ಲಿ ನಮ್ಮ ಮೈಯ ಭಾರ ಕೆಲವೇ ಕಿಲೋ. ಅಮೆರಿಕದ್ದಾದರೆ ಅಲ್ಲಿನ ಕೋಸ್ಟ್ ಗಾರ್ಡಿನ ಅನುಮೋದನೆ ನಂಬರ್ ಇರಬೇಕು. ಇಲ್ಲೊಂದು ಸೂಕ್ಷ್ಮ ಇದೆ. ಹೆಸರಾಂತ ಕಂಪನಿಗಳ ಎಷ್ಟೋ ಐಸ್ ಸೂಟುಗಳ ಮೇಲೆ 'ಫ್ಲೋಟ್ ಅಸಿಸ್ಟ್', ಅಂದರೆ ತೇಲಲು ನೆರವು, ಅಂತ ಇರುತ್ತದೆ, ಒಳಗಿನ ಸಣ್ಣ ಅಕ್ಷರದಲ್ಲಿ ಇದು ಲೈಫ್ ಜಾಕೆಟ್ ಅಲ್ಲ ಅಂತಲೂ ಇರುತ್ತದೆ. ಅವರು ಮೋಸ ಮಾಡುತ್ತಿಲ್ಲ, ಬರೆದೇ ಇದ್ದಾರೆ. ನಾವು ಓದಬೇಕು. ಅಂಥ ಸೂಟು ಐಸಿನ ಮೇಲೆ ಒಳ್ಳೆಯದೇ. ದೋಣಿಯಲ್ಲಿ ಹೋಗುವುದಾದರೆ ಅದರ ಮೇಲೆ ಬೇರೆ ಲೈಫ್ ಜಾಕೆಟ್ ಬೇಕು. ಗಾಳಿ ತುಂಬಿಕೊಳ್ಳುವ ಬಗೆಯದಾದರೆ ಎಲ್ಲಕ್ಕಿಂತ ಹೊರಗೇ ಹಾಕಬೇಕು. ಕೋಟಿನ ಒಳಗೆ ಹಾಕಿದರೆ ಉಬ್ಬಲು ಜಾಗವಿಲ್ಲದೆ ಎದೆಯನ್ನೇ ಅದುಮುತ್ತದೆ.

ದೋಣಿಯ ಮಾತು ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ಅಲ್ಲಿ ಏಪ್ರಿಲ್, ಮೇನಲ್ಲಿ ಐಸ್ ಕರಗಿ ಬಿಸಿಲು ಬಂದಿರುತ್ತದೆ. ಜನ ಅರ್ಧ ತೋಳಿನ ಅಂಗಿಯಲ್ಲಿ ದೋಣಿ ಇಳಿಸುತ್ತಾರೆ. ಕೆಳಗಿನ ನೀರು ಇನ್ನೂ ಕೊರೆಯುತ್ತಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಬಿಸಿ ಎಳೆಯುತ್ತದೆ. ಬಟ್ಟೆ ಹಾಕಿಕೊಳ್ಳುವಾಗ ಬಿಸಿಲನ್ನಲ್ಲ, ನೀರನ್ನು ನೋಡಿ.

ಸೂಟು ಸಾಧ್ಯವಾದರೆ ಹೋದ ಊರಿನಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಹೊಸದು ಕೊಂಡರೆ ನೂರಾರು ಡಾಲರ್, ಎರಡು ದಿನದ ಆಟಕ್ಕೆ ಅಷ್ಟು ಬೇಕಿಲ್ಲ. ಜೊತೆಗೆ ಐಸ್ ಪಿಕ್ ಕೇಳಿ. ಮರದ ಹಿಡಿಗೆ ಮೊಳೆಯಂಥ ಮೊನೆ ಇರುವ ಜೋಡಿ, ಕೊರಳಿಗೆ ಹಾಕಿಕೊಳ್ಳುವುದು. ಬಿದ್ದರೆ ಅದನ್ನು ಐಸಿಗೆ ಚುಚ್ಚಿ ಮೇಲೆ ಬರಬಹುದು. ಭಾವನ ಕೊರಳಲ್ಲಿ ಇತ್ತು, ನನ್ನ ಕೊರಳಲ್ಲಿ ಇರಲಿಲ್ಲ.

ವಾಪಸ್ ಬಂದ ಮೇಲೆ ಬಿಚ್ಚಿದ ಸ್ಪಂಜನ್ನು ಚೀಲದಲ್ಲಿ ಹಾಕಿಕೊಂಡು ಆ ಅಂಗಡಿಗೆ ಹೋದೆ. ದುಡ್ಡಿಗಾಗಿ ಅಲ್ಲ, ಉಳಿದ ಸೂಟುಗಳನ್ನು ತೆಗೆಸೋಣ ಅಂತ. "ನಾವು ಹೊಲಿದದ್ದಲ್ಲರಿ, ಬಂದದ್ದ ಹಾಂಗ" ಅಂದರು. ನನ್ನ ಪಕ್ಕದಲ್ಲಿ ಬ್ಯಾಗು ಹೊತ್ತ ಒಬ್ಬ ಹುಡುಗ ಅದೇ ಸೂಟಿನ ತೋಳು ಮುಟ್ಟಿ ನೋಡುತ್ತಿದ್ದ. ಫಿನ್‌ಲ್ಯಾಂಡಿಗೆ ಓದಲು ಹೊರಟವನು. ಹೊರಗೆ ಕರೆದು ಚೀಲ ತೆರೆದು ತೋರಿಸಿದೆ. ಅವನು ಸ್ಪಂಜನ್ನು ಹಿಂಡಿ ನೋಡಿ, ಏನೂ ಹೇಳದೆ ನನ್ನ ಜೊತೆಯೇ ಸ್ಟೇಷನ್ನಿಗೆ ನಡೆದ. ನಾವು ಬರುವಾಗ ಇನ್ನೂ ಐದು ನೇತಾಡುತ್ತಿದ್ದವು. ಕಿತ್ತಳೆ ಮತ್ತು ಕಡುನೀಲಿ, ತೋಳಿಗೆ ಬೆಳ್ಳಿ ಪಟ್ಟಿ, ಎದೆಯ ಹೊಲಿಗೆ ಬಿಳಿ ದಾರದ್ದು.