ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾವ ಕನ್ಸಲ್ಟೆನ್ಸಿಗೂ ಕೊಡಬೇಡಿ

ಸಿಇಟಿ ರ‍್ಯಾಂಕ್ ಬಂದ ಕೂಡಲೇ ಸೀಟು ಕೊಡಿಸುತ್ತೇವೆ ಅನ್ನುವ ಕನ್ಸಲ್ಟೆನ್ಸಿಗಳಿಂದ ಮನೆಗೆ ಫೋನ್ ಬರಲು ಶುರುವಾಗುತ್ತದೆ. "ಸರ್, ನಿಮ್ಮ ಮಗಳಿಗೆ ಬೆಂಗಳೂರಲ್ಲೇ ಕಂಪ್ಯೂಟರ್ ಸೈನ್ಸ್ ಕೊಡಿಸ್ತೀವಿ, ಒಂದೇ ಸೀಟು ಉಳಿದಿದೆ, ಬೇಗ ಬನ್ನಿ." ನಂಬರ್ ಎಲ್ಲಿ ಸಿಕ್ಕಿತು ಅಂದರೆ ಉತ್ತರ ಇಲ್ಲ. ಈ ವರ್ಷ ಪಿಯುಸಿ ಮುಗಿಸಿದ ಮಕ್ಕಳಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. 2019ರಲ್ಲಿ ನಮಗೆ ಆದದ್ದು ಇದು.

ನಮ್ಮದು ರಾಣೆಬೆನ್ನೂರು. ನಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಓದಿದವರು ಅದುವರೆಗೆ ಯಾರೂ ಇರಲಿಲ್ಲ. ಪಿಯುಸಿಯ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ ಅನ್ನುವುದಷ್ಟೇ ಗೊತ್ತಿತ್ತು. ಮಾಕ್ ಅಲಾಟ್‌ಮೆಂಟ್ ಅಂದರೆ ಪ್ರಯೋಗಕ್ಕೆ ಮಾಡುವ ಸೀಟು ಹಂಚಿಕೆ, ಅದು ಬರೀ ಅಂದಾಜು, ಅದರಲ್ಲಿ ಸೀಟು ಬರದಿದ್ದರೆ ಆಪ್ಷನ್‌ಗಳನ್ನು, ಅಂದರೆ ನಾವು ಕೊಟ್ಟ ಕಾಲೇಜು-ಕೋರ್ಸುಗಳ ಪಟ್ಟಿಯನ್ನು, ಬದಲಾಯಿಸಿಕೊಳ್ಳಬಹುದು, ಗಾಬರಿಯಾಗಬೇಕಿಲ್ಲ ಅಂತ ಹೇಳುವವರು ಇರಲಿಲ್ಲ. ಮಾಕ್‌ನಲ್ಲಿ ನನಗೆ ಸೀಟು ಬರಲಿಲ್ಲ. ಅದೇ ಸಂಜೆ ಮತ್ತೆ ಫೋನ್ ಬಂತು. ರಾತ್ರಿ ಬಸ್ಸಿಗೆ ಅಪ್ಪ ಮತ್ತು ನಾನು ಬೆಂಗಳೂರಿಗೆ ಹೊರಟೆವು.

ಆಫೀಸು ಒಂದು ಕಾಂಪ್ಲೆಕ್ಸ್‌ನ ಮೇಲಿನ ಮಹಡಿಯಲ್ಲಿತ್ತು. ಗೋಡೆ ತುಂಬ ಕಾಲೇಜುಗಳ ಫೋಟೋ. ಅಲ್ಲಿದ್ದವರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ಅಪ್ಪನಿಗೆ "ಯಜಮಾನ್ರೇ" ಅಂದರು, ನನಗೆ "ಹೆದರ್ಕೋಬೇಡಮ್ಮಾ, ನಿನ್ ಸೀಟು ಆಯ್ತು ಅಂದ್ಕೋ" ಅಂದರು. ಸೀಟು ಹಿಡಿದಿಡಲು 25,000 ರೂಪಾಯಿ ನಗದು, ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ, ಎಲ್ಲ ಒರಿಜಿನಲ್. "ವೆರಿಫಿಕೇಶನ್ ಮುಗಿಸಿ ಎರಡು ದಿನದಲ್ಲಿ ವಾಪಸ್ ಕೊಡ್ತೀವಿ." ರಸೀದಿ ಕೇಳಿದ್ದಕ್ಕೆ ವಿಸಿಟಿಂಗ್ ಕಾರ್ಡ್ ಹಿಂದೆ ಮೊತ್ತ ಬರೆದು ಸಹಿ ಹಾಕಿದರು, ನಮ್ಮ ಹೆಸರೂ ಇಲ್ಲ, ತಾರೀಖೂ ಇಲ್ಲ. ನನ್ನ ಫೈಲ್ ಇಡಲು ಬೀರು ತೆಗೆದಾಗ ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಫೈಲುಗಳ ಸಾಲು ಕಾಣಿಸಿತು, ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಒಂದೊಂದು ಕಾಲೇಜಿನ ಹೆಸರು. ನನ್ನ ಫೈಲಿನ ಮೇಲಿದ್ದದ್ದು ನಾವು ಮಾತಾಡಿದ ಕಾಲೇಜಿನ ಹೆಸರಲ್ಲ. ಕೇಳಿದರೆ "ಅದು ಹಳೇ ಫೈಲ್‌ದು" ಅಂದರು.

ಆಮೇಲೆ ಬಂದ ನಿಜವಾದ ಅಲಾಟ್‌ಮೆಂಟ್‌ನಲ್ಲಿ ನನಗೆ ದಾವಣಗೆರೆಯ ಯುಬಿಡಿಟಿ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು! ಕಡಿಮೆ ಫೀ, ಊರಿಗೂ ಹತ್ತಿರ. ಆದರೆ ಫೀ ಕಟ್ಟಿ, ಹೇಳಿದ ತಾರೀಖಿನೊಳಗೆ ಒರಿಜಿನಲ್ ಸಮೇತ ಕಾಲೇಜಿಗೆ ಹೋಗಿ ರಿಪೋರ್ಟ್ ಆಗಬೇಕು, ಇಲ್ಲದಿದ್ದರೆ ಸೀಟು ಹೋಯಿತು. ಏಜೆಂಟ್ ಫೋನ್ ಎತ್ತಲಿಲ್ಲ. ಬೇರೆ ನಂಬರಿಂದ ಮಾಡಿದಾಗ, ನಿಮ್ಮ ದಾಖಲೆ ಬೇರೊಂದು ಖಾಸಗಿ ಕಾಲೇಜಿಗೆ ಕೊಟ್ಟಾಯಿತು, ಅಲ್ಲೇ ಕೇಳಿ ಅಂದ. ಹೋಗಿ ನೋಡಿದರೆ ಮ್ಯಾನೇಜ್‌ಮೆಂಟ್ ಕೋಟಾದಲ್ಲಿ, ಅಂದರೆ ಕಾಲೇಜೇ ತುಂಬಿಕೊಳ್ಳುವ ಸೀಟಿನಲ್ಲಿ, ನನ್ನ ಅಡ್ಮಿಷನ್ ಆಗಿದೆ! ಅರ್ಜಿಯ ಮೇಲೆ ನನ್ನ ಹೆಸರು, ಸಹಿ ಮಾತ್ರ ನನ್ನದಲ್ಲ. ಬಿಟ್ಟು ಹೋಗುವುದಾದರೆ ನಾಲ್ಕು ವರ್ಷದ ಫೀ ಕಟ್ಟಿ ಹೋಗಿ ಅಂದರು. ಅಪ್ಪ ಆ ಕೌಂಟರ್ ಮುಂದೆ ಕೈಮುಗಿದು ನಿಂತದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಮ್ಮನ್ನು ಕಾಪಾಡಿದ್ದು ನನ್ನ ಪಿಯು ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು. ಯಾವ ಕಾಲೇಜೂ ವಿದ್ಯಾರ್ಥಿಯ ಒರಿಜಿನಲ್ ದಾಖಲೆಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇಯ ನಿಯಮ ಇದೆ, 2018ರಲ್ಲಿ ವಿಶ್ವವಿದ್ಯಾಲಯಗಳ ಅನುದಾನ ಆಯೋಗ ಯುಜಿಸಿ ಕೂಡ ಇದನ್ನೇ ಹೇಳಿದೆ ಅಂತ ಅವರೇ ಪ್ರಿಂಟ್ ತೆಗೆದುಕೊಟ್ಟರು. ಕೋರ್ಸ್ ಶುರುವಾಗುವ ಮೊದಲೇ ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಹಿಡಿದುಕೊಂಡು ಉಳಿದ ಫೀ ವಾಪಸ್ ಕೊಡಬೇಕು ಅಂತಲೂ ಎಐಸಿಟಿಇ ಹೇಳುತ್ತದೆ. ಕ್ಯಾಪಿಟೇಶನ್ ಶುಲ್ಕವನ್ನಂತೂ, ಅಂದರೆ ಸೀಟಿಗಾಗಿ ನಿಗದಿತ ಫೀ ಮೀರಿ ಕೇಳುವ ಹಣವನ್ನು, ನಮ್ಮ ರಾಜ್ಯದಲ್ಲಿ 1984ರ ಕಾಯ್ದೆಯೇ ನಿಷೇಧಿಸಿದೆ. ಅಪ್ಪ ಅರ್ಜಿ ಬರೆದು, ಕೆಳಗೆ ವಿಟಿಯು (ಇಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯ) ಮತ್ತು ಎಐಸಿಟಿಇಗೆ ಪ್ರತಿ ಅಂತ ಸೇರಿಸಿ, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಕೊಡಿ ಅಂತ ಪಟ್ಟುಹಿಡಿದು ನಿಂತರು. ಸೀಲು ಹಾಕಲಿಲ್ಲ, ಅದರ ಬದಲು ಮಾರ್ಕ್ಸ್ ಕಾರ್ಡುಗಳನ್ನೇ ತಂದುಕೊಟ್ಟರು. ರಿಪೋರ್ಟ್ ಆಗುವ ಕೊನೆಯ ದಿನ ಮಧ್ಯಾಹ್ನ ದಾವಣಗೆರೆ ತಲುಪಿದೆವು. ನಗದಾಗಿ ಕೊಟ್ಟ ಹಣ ಮಾತ್ರ ವಾಪಸ್ ಬರಲೇ ಇಲ್ಲ.

ಇನ್ನೊಂದು ವಿಷಯ, ಇದು ಇನ್ನೂ ಜಾಸ್ತಿ ಅಪಾಯದ್ದು. ಸಿಇಟಿ ನಡೆಸಿ ಸೀಟು ಹಂಚುವ ಕೆಇಎ ಪೋರ್ಟಲ್‌ನ ಪಾಸ್‌ವರ್ಡ್, ಒಟಿಪಿ ಯಾರಿಗೂ ಹೇಳಬೇಡಿ. "ಆಪ್ಷನ್ ಎಂಟ್ರಿ ನಾವೇ ಮಾಡ್ತೀವಿ" ಅನ್ನುವವರು ನಿಮ್ಮ ಲಾಗಿನ್‌ನಿಂದ ತಮಗೆ ಬೇಕಾದ ಸೀಟು ಹಿಡಿದಿಟ್ಟು, ಕೊನೆಯಲ್ಲಿ ಯಾರೂ ಸೇರದ ಹಾಗೆ ನೋಡಿಕೊಳ್ಳುತ್ತಾರೆ. ಖಾಲಿ ಉಳಿದ ಸೀಟು ಕಾಲೇಜಿಗೆ ಹೋಗುತ್ತದೆ, ಅಲ್ಲಿ ಲಕ್ಷಗಳಿಗೆ ಮಾರಾಟ. 2024ರಲ್ಲಿ ಇಂಥ ಸೀಟ್ ಬ್ಲಾಕಿಂಗ್ ಬಗ್ಗೆ ಕೆಇಎಯೇ ಪೊಲೀಸರಿಗೆ ದೂರು ಕೊಟ್ಟಿತು, ಹಲವರು ಅರೆಸ್ಟ್ ಆದರು. ಯಾವುದೋ ಬಡ ಹುಡುಗನಿಗೆ ಸಿಗಬೇಕಾದ ಸೀಟು ಅದು, ಅಲ್ವಾ?

ನಿಮ್ಮ ದಾಖಲೆಗಳು ಈಗಾಗಲೇ ಯಾರ ಹತ್ತಿರವಾದರೂ ಸಿಕ್ಕಿಹಾಕಿಕೊಂಡಿದ್ದರೆ ಸುಮ್ನೆ ಫೋನ್ ಮಾಡುತ್ತ ಕೂರಬೇಡಿ. ಇವತ್ತೇ ಅರ್ಜಿ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಕಾಲೇಜಿಗೂ ಖುದ್ದಾಗಿ ಹೋಗಿ ಕೊಡಿ. ಸುಳ್ಳು ಸಹಿ ಹಾಕಿದ್ದು ಕಂಡರೆ ಅದರ ಫೋಟೋ ತೆಗೆದುಕೊಂಡು ನೇರ ಪೊಲೀಸ್ ಠಾಣೆಗೆ ಹೋಗಿ. ಹೇಗೆ ಬರೆಯಬೇಕು ಅಂತ ಗೊತ್ತಾಗದಿದ್ದರೆ ಕೇಳಿ, ಅಪ್ಪ ಬರೆದ ಅರ್ಜಿಯ ಪ್ರತಿ ನನ್ನ ಹತ್ತಿರ ಇದೆ, ಕಳಿಸುತ್ತೇನೆ.