ಬಿಂದಿಗೆಯೋ, ಅಂಕಿಯೋ, ಪ್ರಶ್ನೆಯೋ: ಮಾತು ಆರಂಭಿಸುವ ಬಗೆ

ಬೆಂಗಳೂರಿನ ಬಡಾವಣೆಗಳಲ್ಲಿ, ಪ್ರೌಢಶಾಲೆಗಳಲ್ಲಿ, ಸ್ವಸಹಾಯ ಸಂಘದ ಸಭೆಗಳಲ್ಲಿ ಮಳೆ ಕೊಯ್ಲಿನ ಬಗ್ಗೆ ಮಾತನಾಡುತ್ತ ಬಂದಿದ್ದೇನೆ. ಇಪ್ಪತ್ತು ನಿಮಿಷದ ಮಾತು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಬದಲಿಸಿ ನೋಡಿದ್ದು ಮೊದಲ ಅರ್ಧ ನಿಮಿಷವನ್ನು ಮಾತ್ರ.

‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗುವ ಸಾಲನ್ನು ಮೊದಲು ಕೈಬಿಟ್ಟೆ. ಹಿರಿಯರಿಗೆ ಗೌರವ ಸಲ್ಲಲೇಬೇಕು; ಆದರೆ ನಿರೂಪಕರು ಆಗಲೇ ಎಲ್ಲರ ಹೆಸರನ್ನೂ ಹೇಳಿರುತ್ತಾರೆ. ಕೈಮುಗಿದು ಒಂದು ನಮಸ್ಕಾರ ಹೇಳಿದರೆ ಯಾರಿಗೂ ಬೇಸರವಾಗಿದ್ದನ್ನು ನಾನು ಕಂಡಿಲ್ಲ.

ಪ್ರಶ್ನೆಯಿಂದ ಆರಂಭಿಸುವುದು ಸುಲಭವೆಂದು ತೋರುತ್ತದೆ. ‘ಯಾರ ಮನೆಯಲ್ಲಿ ಮಳೆ ಕೊಯ್ಲು ಇದೆ? ಕೈ ಎತ್ತಿ’ ಎಂದು ಒಂದು ಅಪಾರ್ಟ್‌ಮೆಂಟ್ ಸಭೆಯಲ್ಲಿ ಕೇಳಿದೆ. ಇಬ್ಬರು ಕೈ ಎತ್ತಿದರು, ಉಳಿದವರು ತಲೆ ತಗ್ಗಿಸಿದರು. ತಪ್ಪು ಹೊರಿಸಿದಂತಾಯಿತು, ಅದನ್ನು ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಅದೇ ಶಾಲೆಯೊಂದರಲ್ಲಿ ‘30×40 ಅಡಿಯ ತಾರಸಿಯ ಮೇಲೆ ವರ್ಷಕ್ಕೆ ಎಷ್ಟು ಲೀಟರ್ ಮಳೆ ಬೀಳಬಹುದು?’ ಎಂದಾಗ ಐನೂರರಿಂದ ಹಿಡಿದು ಕೋಟಿಯವರೆಗೆ ಉತ್ತರಗಳು ಹಾರಿಬಂದವು. ಊಹಿಸಲು ಬಿಡುವ ಪ್ರಶ್ನೆಯಾದರೆ ಜನ ಬಾಯಿ ಬಿಡುತ್ತಾರೆ, ಲೆಕ್ಕ ಒಪ್ಪಿಸಬೇಕಾದ ಪ್ರಶ್ನೆಯಾದರೆ ಮುದುಡುತ್ತಾರೆ.

ಅಂಕಿಯನ್ನೇ ಮುಂದಿಟ್ಟೂ ನೋಡಿದೆ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. 30×40 ಎಂದರೆ ಸುಮಾರು 111 ಚದರ ಮೀಟರ್. ಒಟ್ಟು ಒಂದು ಲಕ್ಷ ಲೀಟರಿಗೂ ಹೆಚ್ಚು. ಎಂಜಿನಿಯರುಗಳು ಇದನ್ನು ಬರೆದುಕೊಂಡರು, ಉಳಿದವರ ಕಣ್ಣು ಮೊಬೈಲಿಗೆ ಹೋಯಿತು. ‘ಆರು ಸಾವಿರ ಲೀಟರಿನ ಟ್ಯಾಂಕರ್ ಹದಿನೆಂಟು ಸಲ ಬಂದಷ್ಟು’ ಎಂದ ಮೇಲೆಯೇ ಎಲ್ಲರೂ ತಲೆ ಎತ್ತಿದ್ದು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದವರಿಗೆ ಆ ಹದಿನೆಂಟರ ಬೆಲೆಯನ್ನು ವಿವರಿಸಬೇಕಿಲ್ಲ.

ಸ್ವಂತ ಅನುಭವದ ಕಥೆ ಸ್ವಸಹಾಯ ಸಂಘದ ಹೆಂಗಸರ ಮುಂದೆ ಮಿಕ್ಕೆಲ್ಲವನ್ನೂ ಮೀರಿಸಿತು. ನಾನು ಎರಡು ವಾಕ್ಯ ಮುಗಿಸುವಷ್ಟರಲ್ಲಿ ಅವರು ತಮ್ಮ ಕಥೆ ಹೇಳಲಾರಂಭಿಸಿದರು. ಬೇರೆಡೆ ಅದೇ ಕಥೆ ಮೂರು ನಿಮಿಷ ಎಳೆದು, ವಿಷಯ ಯಾವುದೆಂದೇ ತಿಳಿಯದೆ ಜನ ಕಾದು ಕೂತರು.

ನನಗೆ ಹೆಚ್ಚು ಒಲಿದದ್ದು ಬಿಂದಿಗೆ. ತಾಮ್ರದ ಖಾಲಿ ಬಿಂದಿಗೆಯನ್ನು ಮೇಜಿನ ಮೇಲಿಟ್ಟು, ಮೈಕನ್ನು ಅದರ ಬಾಯಿಯ ಹತ್ತಿರಕ್ಕೆ ತಂದು, ಏನೂ ಮಾತನಾಡದೆ ಚೆಂಬಿನಿಂದ ನೀರು ಸುರಿಯುತ್ತೇನೆ. ಮೊದಲ ಧಾರೆ ತಳಕ್ಕೆ ಬಡಿದಾಗ ಸದ್ದು ದಪ್ಪಗೆ ಗುಂಯ್‌ಗುಡುತ್ತದೆ, ನೀರು ಏರಿದಂತೆ ಸ್ವರವೂ ಏರುತ್ತದೆ. ಹಿಂದಿನ ಸಾಲಿನ ಪಿಸುಮಾತು ಅಷ್ಟರಲ್ಲಿ ನಿಂತಿರುತ್ತದೆ. ಆಗ ಹೇಳುತ್ತೇನೆ: ‘ಈ ನೀರು ಕಾವೇರಿಯಿಂದ ಸುಮಾರು ನೂರು ಕಿಲೋಮೀಟರ್ ದಾಟಿ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿ ಬಂದಿದೆ. ನಮ್ಮ ತಾರಸಿಯ ಮೇಲೆ ತಾನಾಗಿ ಬಿದ್ದದ್ದನ್ನು ಮಾತ್ರ ಚರಂಡಿಗೆ ಬಿಟ್ಟಿದ್ದೇವೆ.’

ಇದಕ್ಕೂ ಮಿತಿಯಿದೆ. ಇನ್ನೂರು ಜನರ ಸಭಾಂಗಣದಲ್ಲಿ ಮೈಕು ಕೆಟ್ಟ ದಿನ ಮೊದಲ ಮೂರು ಸಾಲಿಗಷ್ಟೇ ಸದ್ದು ಕೇಳಿಸಿತು. ಅಂದು ಟ್ಯಾಂಕರಿನ ಲೆಕ್ಕವೇ ಕೈಹಿಡಿಯಿತು. ಬಿಂದಿಗೆಯನ್ನು ಚೆನ್ನಾಗಿ ಬಸಿದು ಒಯ್ಯಬೇಕು. ತಳದಲ್ಲಿ ಮೊದಲೇ ಒಂದಿಷ್ಟು ನೀರು ನಿಂತಿದ್ದರೆ ಆ ಮೊದಲ ನಾದ ಹುಟ್ಟುವುದಿಲ್ಲ.